ಫಿಲ್ಟರ್ ಕೊಳ್ಳುವ ಮುಂಚೆ ಸಂಪಿನ ಮುಚ್ಚಳ ತೆಗೆದು ನೋಡಿ

"ಯಾವ ಫಿಲ್ಟರ್ ತಗೊಳ್ಳೋದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ನಿಮ್ಮ ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಯಾವ ಯಾವ ನೀರು ಬೀಳುತ್ತೆ?" ಬೆಂಗಳೂರಿನಲ್ಲಿ ಎಷ್ಟೋ ಮನೆಯವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಕಾವೇರಿ ಬರುತ್ತೆ ಅಂತಾರೆ. ಬರುತ್ತೆ, ನಿಜ. ಅದು ಸಾಲದಿದ್ದಾಗ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲವೂ ಅದೇ ಸಂಪಿಗೆ.

ನಮ್ಮದೂ ಅಂಥದ್ದೇ ಮನೆ. ಫಿಲ್ಟರ್ ಬೇಕಾ ಬೇಡವಾ ಅಂತ ಮಾತುಕತೆ ನಡೆದಿದ್ದಾಗ ಆರ್‌ಒ (ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಯಂತ್ರ) ಮಾರುವ ಹುಡುಗನೊಬ್ಬ ಡೆಮೊ ಕೊಡಲು ಬಂದ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದಿದ್ದ ಫಿಲ್ಟರ್ ನೀರು. ಲೋಹದ ಕಡ್ಡಿಗಳಿದ್ದ ಒಂದು ಡಬ್ಬಿಯನ್ನು ಕರೆಂಟಿಗೆ ಸಿಕ್ಕಿಸಿ ಕಡ್ಡಿಗಳನ್ನು ಎರಡರಲ್ಲೂ ಇಳಿಬಿಟ್ಟ. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆಲ್ಲ ನೊರೆ. ಅವನ ನೀರು ತಿಳಿಯಾಗೇ ಇತ್ತು. "ನೋಡಿ ಮೇಡಂ, ಇಷ್ಟು ದಿನ ನೀವು ಕುಡಿದಿದ್ದು ಇದನ್ನೇ." ಅತ್ತೆಯವರ ಮುಖ ಇಳಿದುಹೋಯಿತು.

ನಾನು ಅವನದೇ ಫಿಲ್ಟರ್ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಕದಡಿ, "ಈಗ ಇದರಲ್ಲಿ ಇಡಪ್ಪ" ಅಂದೆ. ಅದೂ ಕಂದಾಯಿತು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕು ಬಿಡುತ್ತೆ. ಕಂಡ ಬಣ್ಣ ಅದರದ್ದೇ. ಎಳನೀರಿಗೆ ಇಟ್ಟಿದ್ದರೂ ಹಾಗೇ ಆಗುತ್ತಿತ್ತು. ಹುಡುಗ ಕಾಫಿ ಕುಡಿದು ಹೊರಟ, ಪಾಪ.

ಆಮೇಲೆ ನಾವೇ ಪರೀಕ್ಷೆ ಶುರು ಮಾಡಿದೆವು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ ತೋರಿಸುವ ಮೀಟರಿನಲ್ಲಿ ಕಾವೇರಿ ನೀರು 200ರ ಆಸುಪಾಸು, ಬೋರ್‌ವೆಲ್ 900ಕ್ಕೂ ಮೇಲೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತೆ. ಆದರೆ ಈ ಮೀಟರಿಗೆ ಕ್ರಿಮಿ ಕಾಣುವುದಿಲ್ಲ. ಚರಂಡಿ ನೀರು ಬೆರೆತಿದ್ದರೂ 300 ಅಂತ ತೋರಿಸಿ ಸುಮ್ಮನಿರಬಹುದು.

ಅದಕ್ಕೇ ಕ್ಲೋರಿನ್ ನೋಡುವ ಸಣ್ಣ ಕಿಟ್ ತಂದೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ನಮ್ಮೂರಿಗೆ ತರುತ್ತಾರೆ. ದಾರಿಯಲ್ಲಿ ಕ್ರಿಮಿ ಬೆಳೆಯದಿರಲಿ ಅಂತ ಕ್ಲೋರಿನ್ ಹಾಕಿರುತ್ತಾರೆ. ಅದು ಮನೆಗೆ ಬಂದಾಗ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಗೇಟಿನ ಹತ್ತಿರ ಪೈಪಿನಿಂದಲೇ ಹಿಡಿದ ನೀರಿಗೆ ಹನಿ ಬಿಟ್ಟರೆ ಚೆನ್ನಾಗಿ ಹಳದಿಯಾಯಿತು. ಸಂಪಿನ ನೀರಿಗೆ ಬಣ್ಣ ಬಂದೂ ಬಾರದಂತೆ. ಅಡುಗೆಮನೆ ನಲ್ಲಿಯ ನೀರು ಒಂಚೂರೂ ಬದಲಾಗಲಿಲ್ಲ. ಅಷ್ಟು ದೂರ ಬಾಳಿದ್ದ ಕ್ಲೋರಿನ್ ನಮ್ಮ ಕಾಂಪೌಂಡಿನೊಳಗೇ ಮುಗಿದಿತ್ತು. ಸಂಪಿಗೆ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಕೆಸರು, ಗೋಡೆಯ ಬಿರುಕಿನಿಂದ ಇಳಿದ ಬೇರು. ಮುಚ್ಚಳದ ಅಂಚಿನಿಂದ ಕಾರು ತೊಳೆದ ನೀರು ಒಳಗೆ ಹರಿದ ಗೆರೆ ಬೇರೆ.

ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟೆವು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟಿತ್ತು. ಊರ ತುಂಬ ಕೊಳಚೆ ನೀರು ನೆಲಕ್ಕೆ ಇಂಗುವಾಗ ಇದು ಆಶ್ಚರ್ಯವೇನಲ್ಲ. ಅತ್ತೆಯವರು "ಕುದಿಸಿದರೆ ಆಯ್ತಲ್ಲ" ಅಂದರು. ಕ್ರಿಮಿಗೆ ಅದು ಸರಿ. ನೈಟ್ರೇಟ್ ಮಾತ್ರ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತೆ. ಯುವಿ (ನೇರಳಾತೀತ ಬೆಳಕಿನಿಂದ ಕ್ರಿಮಿ ಕೊಲ್ಲುವ ದೀಪ), ಕ್ಯಾಂಡಲ್ ಫಿಲ್ಟರಿಗೂ ಅದು ಜಗ್ಗುವುದಿಲ್ಲ. ಆರ್‌ಒ ಬೇಕು. ಇಲ್ಲವೇ ಆ ನೀರನ್ನು ಅಡುಗೆಮನೆಗೆ ಬಿಡಬಾರದು.

ನಾವು ಎರಡನೆಯದನ್ನು ಮಾಡಿದೆವು. ಸಂಪು ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿ, ಬಿರುಕು ಮುಚ್ಚಿಸಿ, ಬಾಯಿಯ ಕಟ್ಟೆ ಎತ್ತರಿಸಿದೆವು. ಕಾವೇರಿ ಪೈಪಿನಿಂದ ಬೇರೆ ಲೈನ್ ಎಳೆಸಿ ಅಡುಗೆಮನೆ ಹೊರಗೆ ಸಜ್ಜಾ ಸ್ಲ್ಯಾಬಿನ ಮೇಲೆ 300 ಲೀಟರ್ ಟ್ಯಾಂಕ್ ಇಟ್ಟೆವು. ನೆಲಮಹಡಿ, ಪ್ರೆಷರ್ ಸಾಲುತ್ತೆ. ಮೇಲಿನ ಮಹಡಿಯವರು ಇದೇ ಆಸೆಗೆ ಜಲಮಂಡಳಿಯ ಪೈಪಿಗೆ ನೇರ ಮೋಟರ್ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ. ಜತೆಗೆ ಪೈಪ್ ಒಡೆದಿರುವ ಕಡೆ ಅದು ಪಕ್ಕದ ಕೊಳಕನ್ನೂ ಒಳಗೆ ಎಳೆಯುತ್ತೆ.

ಆ ಟ್ಯಾಂಕಿನಿಂದ ಮುಂದೆ ಮಣ್ಣು ಹಿಡಿಯುವ ಫಿಲ್ಟರ್, ಕಾರ್ಬನ್, ಯುವಿ. ಅಷ್ಟೇ. ಯುವಿ ದೀಪ ಉರಿಯುತ್ತಲೇ ಇದ್ದರೂ ಒಂದು ವರ್ಷದ ಹೊತ್ತಿಗೆ ಬಲ ಕುಗ್ಗಿರುತ್ತೆ, ಬದಲಾಯಿಸಬೇಕು. ಕಾರ್ಬನ್ ಕ್ಲೋರಿನ್ನನ್ನೂ ತೆಗೆದುಬಿಡುವುದರಿಂದ ಫಿಲ್ಟರ್ ನೀರನ್ನು ದಿನಗಟ್ಟಲೆ ಹಿಡಿದಿಡುವುದಿಲ್ಲ.

ಕಾವೇರಿ ನೀರಿಗೆ ಆರ್‌ಒ ಹಾಕುವುದು ದಂಡ ಅಂತ ನನ್ನ ಅಭಿಪ್ರಾಯ. ಸಾಮಾನ್ಯ ಯಂತ್ರ ಒಂದು ಲೀಟರ್ ಕೊಡಲು ಮೂರು ಲೀಟರಿನಷ್ಟು ಹೊರಗೆ ಚೆಲ್ಲುತ್ತೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಕೇಂದ್ರಕ್ಕೆ ಹೇಳಿತ್ತು.

ವೈಟ್‌ಫೀಲ್ಡ್ ಕಡೆ ಇರುವ ತಂಗಿಯ ಕತೆ ಬೇರೆ. ಅವಳ ಅಪಾರ್ಟ್‌ಮೆಂಟಿಗೆ ಬರೀ ಬೋರ್‌ವೆಲ್ ಮತ್ತು ಟ್ಯಾಂಕರ್. ಅಲ್ಲಿ ಸಾಫ್ಟ್‌ನರ್ ಇದೆ, ಆದರೆ ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತೆ. ಸೋಪು ನೊರೆ ಬರುತ್ತೆ, ಟಿಡಿಎಸ್ ಇಳಿಯುವುದಿಲ್ಲ. ಅವಳಿಗೆ ನಾನೇ ಆರ್‌ಒ ಹಾಕಿಸಿಕೊಟ್ಟೆ. ಹೊರಗೆ ಬಿಡುವ ನೀರು ಬಕೆಟಿಗೆ ಬೀಳುತ್ತೆ, ನೆಲ ಒರೆಸಲು, ಬಾತ್‌ರೂಮಿಗೆ ಆಗುತ್ತೆ. ಕರಿಬೇವಿನ ಕುಂಡಕ್ಕೆ ಮಾತ್ರ ಹಾಕಬೇಡ ಅಂದಿದ್ದೇನೆ, ಅದರಲ್ಲಿ ಉಪ್ಪು ಜಾಸ್ತಿ.