ತಡಿಯಂಡಮೋಳ್: ಒಂದೇ ದಿನದಲ್ಲಿ ಹತ್ತಿ ಇಳಿಯುವ ಕ್ರಮ

ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರದಲ್ಲಿದೆ. ಶಿಖರದ ಮೇಲೆ ಡೇರೆ ಹಾಕಿ ರಾತ್ರಿ ತಂಗಲು ಅರಣ್ಯ ಇಲಾಖೆ ಅವಕಾಶ ಕೊಡುವುದಿಲ್ಲವಾದ್ದರಿಂದ, ಈ ಬೆಟ್ಟಕ್ಕೆ ಹೋಗುವವರು ಬೆಳಕಿರುವಾಗಲೇ ಹತ್ತಿ, ಬೆಳಕಿರುವಾಗಲೇ ಇಳಿದು ಬರಬೇಕು. ಈ ಚಾರಣದಲ್ಲಿ ಕಾಲಿನ ಬಲಕ್ಕಿಂತ ಗಡಿಯಾರದ ಲೆಕ್ಕ ಹೆಚ್ಚು ಮುಖ್ಯ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮೊದಲು ಕಾಲವನ್ನು ಆರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯಲ್ಲಿ ದಾರಿ ಜಾರುತ್ತದೆ, ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿರುವವರೂ ಕಾಣುವುದಿಲ್ಲ. ಫೆಬ್ರವರಿ ಕಳೆದ ಮೇಲೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಹುಟ್ಟುತ್ತದೆ, ಆಗ ಇಲಾಖೆಯವರು ದಾರಿಯನ್ನು ಮುಚ್ಚುವುದೂ ಉಂಟು. ನವೆಂಬರ್‌ನಿಂದ ಜನವರಿಯವರೆಗಿನ ದಿನಗಳು ಉತ್ತಮ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ಆಸುಪಾಸಿನಲ್ಲಿ ಹೋದರೆ ಗದ್ದೆಗಳಲ್ಲಿ ಮಾಗಿದ ಭತ್ತವನ್ನೂ ನೋಡಬಹುದು. ಆ ಹಬ್ಬದ ಮುಹೂರ್ತ ನಿಶ್ಚಯವಾಗುವುದು ಈ ಬೆಟ್ಟದ ಸೀಮೆಯಲ್ಲೇ ಇರುವ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ಹೊರಡುವ ಮುನ್ನ ದಾರಿ ತೆರೆದಿದೆಯೇ, ಟಿಕೆಟ್ಟನ್ನು ಮುಂಗಡವಾಗಿ ಪಡೆಯಬೇಕೇ ಎಂಬುದನ್ನು ಇಲಾಖೆಯಿಂದ ತಿಳಿದುಕೊಳ್ಳಿ, ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ.

ನಡಿಗೆ ಆರಂಭವಾಗುವುದು ಕಕ್ಕಬ್ಬೆಯ ಬಳಿಯ ಕೈಕಂಬದಿಂದ. ಅಲ್ಲಿಂದ ಕಾಫಿ ತೋಟಗಳ ನಡುವಿನ ಏರುರಸ್ತೆಯಲ್ಲಿ ಹೋದರೆ ನಾಲ್ಕುನಾಡು ಅರಮನೆ ಸಿಗುತ್ತದೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ, ಮರದ ಕಂಬಗಳ ಈ ಅರಮನೆಯನ್ನು ನೋಡಲೇಬೇಕು, ಆದರೆ ಇಳಿದು ಬರುವಾಗ ಸಮಯ ಉಳಿದಿದ್ದರೆ ಮಾತ್ರ. ಬೆಳಗಿನ ತಂಪಿನ ಒಂದು ಗಂಟೆಯನ್ನು ಇಲ್ಲಿ ಚಿತ್ರ ತೆಗೆಯುತ್ತ ಕಳೆದವರು ಅದರ ಬೆಲೆಯನ್ನು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ತೆರುತ್ತಾರೆ.

ಕೈಕಂಬದಿಂದ ಶಿಖರಕ್ಕೆ ಒಂದು ದಿಕ್ಕಿನಲ್ಲಿ ಸುಮಾರು ಏಳು ಕಿಲೋಮೀಟರ್. ಸಮತಟ್ಟಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಆ ಲೆಕ್ಕವನ್ನೇ ಬೆಟ್ಟಕ್ಕೂ ಹಾಕಿ ಮೋಸಹೋಗುತ್ತಾರೆ. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರದಂತೆ, ದೂರಕ್ಕೆ ಬೇಕಾದ ಸಮಯದ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಒಂದು ಗಂಟೆಯನ್ನು ಸೇರಿಸಬೇಕು. ದಣಿವಾರಿಸಿಕೊಳ್ಳುವ ಹೊತ್ತು ಅದರಲ್ಲಿ ಸೇರಿಲ್ಲ. ಹಾಗಾಗಿ ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು ಗಂಟೆ ಎಂದು ಇಟ್ಟುಕೊಂಡು ಬೆಳಿಗ್ಗೆ ಏಳರೊಳಗೆ ಹೊರಡುವುದು ಕ್ಷೇಮ. ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ವೇಗದವರು ಮುಂದಾದರೆ ತಂಡ ಹರಿದು ಹಂಚಿಹೋಗುತ್ತದೆ.

ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ಹೆಸರು ಬರೆಸಿದ ನಂತರ ದಾರಿ ಕಾಡಿನ ನೆರಳಿನಲ್ಲೂ ಹುಲ್ಲುಗಾವಲಿನಲ್ಲೂ ಸಾಗುತ್ತದೆ. ಮೇಲೆ ನೀರು ಸಿಗುತ್ತದೆಂದು ನಂಬಬೇಡಿ. ತಲೆಗೆ ಎರಡರಿಂದ ಮೂರು ಲೀಟರ್ ನೀರನ್ನು ಕೆಳಗಿನಿಂದಲೇ ಹೊತ್ತೊಯ್ಯಿರಿ. ಊಟಕ್ಕೆ ಚಪಾತಿ, ಬಾಳೆಹಣ್ಣು, ಕಡಲೆಬೀಜದ ಚಿಕ್ಕಿಯಂಥವು ಸಾಕು. ಹೊಸ ಬೂಟು ಬೇಡ, ಕಾಲಿಗೆ ಒಗ್ಗಿದ, ಅಡಿಯಲ್ಲಿ ಗಟ್ಟಿ ಕಚ್ಚುಗಳಿರುವ ಬೂಟು ಬೇಕು. ಕೆಳಗೆ ಬೆವರು ಸುರಿಯುತ್ತಿದ್ದರೂ ಬಯಲಿನ ಗಾಳಿಗೆ ಅದೇ ಬೆವರು ಚಳಿ ಹಿಡಿಸುವುದರಿಂದ ಒಂದು ಗಾಳಿತಡೆ ಜಾಕೆಟ್ ಚೀಲದಲ್ಲಿರಲಿ. ನೆಲದಲ್ಲಿ ತೇವ ಉಳಿದಿರುವ ದಿನಗಳಲ್ಲಿ ಇಂಬಳಗಳು ಕಾಲಿಗೆ ಹತ್ತುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮೇಲೆ ಹೊಗೆಸೊಪ್ಪಿನ ಪುಡಿ ಉದುರಿಸಿಕೊಳ್ಳುವುದು ಹಳೆಯ ಉಪಾಯ. ಹತ್ತಿದ ಇಂಬಳವನ್ನು ಕಿತ್ತೆಳೆಯದೆ, ಉಗುರಿನಿಂದ ಅದರ ಬಾಯಿಯ ಬಳಿ ಮೆಲ್ಲಗೆ ಸರಿಸಿ ಬಿಡಿಸಬೇಕು.

ಕಠಿಣವಾದದ್ದು ಕೊನೆಯ ಭಾಗ. ಅಲ್ಲಿಯವರೆಗೆ ಹದವಾಗಿ ಏರುತ್ತಿದ್ದ ದಾರಿ ಶೋಲಾ ಎಂಬ ಎತ್ತರದ ಬೆಟ್ಟಗಳ ದಟ್ಟ ಕಾಡಿನ ಬೇರು, ಸಡಿಲ ಮಣ್ಣು, ಕಲ್ಲುಗಳ ನಡುವೆ ನೆಟ್ಟಗೆ ಮೇಲೇಳುತ್ತದೆ. ಶಿಖರ ಇಲ್ಲೇ ಇದೆ ಎನ್ನಿಸಿ ಓಡುವವರು ಬೇಗ ಸುಸ್ತಾಗುತ್ತಾರೆ. ಚಿಕ್ಕ ಹೆಜ್ಜೆ ಇಡುತ್ತ, ಮಾತನಾಡಿದರೆ ಏದುಸಿರು ಬಾರದಷ್ಟು ವೇಗದಲ್ಲಿ ಹತ್ತಿ. ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂದಿರುಗಬೇಕೆಂದು ಹೊರಡುವಾಗಲೇ ತಂಡದಲ್ಲಿ ಒಪ್ಪಂದವಾಗಿರಲಿ, ಏಕೆಂದರೆ ಶಿಖರ ಕಣ್ಣೆದುರಿಗೆ ಬಂದ ಮೇಲೆ ಯಾರೂ ಮಾತು ಕೇಳುವುದಿಲ್ಲ. ಗುಡುಗು ಕೇಳಿಸಿದರಂತೂ ಗಂಟೆ ನೋಡಬೇಕಾಗಿಲ್ಲ, ಬೋಳು ಬೆಟ್ಟದ ತುದಿಯಲ್ಲಿ ನೀವೇ ಎತ್ತರದ ವಸ್ತುವಾಗಿರುತ್ತೀರಿ, ತಕ್ಷಣ ಇಳಿಯಿರಿ.

ತುದಿಯಲ್ಲಿ ಆಕಾಶ ತಿಳಿಯಾಗಿದ್ದರೆ ಪಶ್ಚಿಮದ ಕಡೆ ಗುಡ್ಡಗಳ ಸಾಲು ಇಳಿಯುತ್ತ ಹೋಗಿ, ಅರಬ್ಬೀ ಸಮುದ್ರದ ಅಂಚು ಮಸುಕಾಗಿ ಕಾಣುವುದುಂಟು. ಅರ್ಧ ಗಂಟೆ ಕುಳಿತು, ತಂದ ಪ್ಲಾಸ್ಟಿಕ್ಕನ್ನೆಲ್ಲ ಚೀಲಕ್ಕೆ ಸೇರಿಸಿ ಹೊರಡಿ. ಇಳಿಯುವಾಗ ಮಂಡಿಯನ್ನು ಸ್ವಲ್ಪ ಬಗ್ಗಿಸಿಯೇ ಹೆಜ್ಜೆಯಿಡಿ, ಕಡಿದಾದಲ್ಲಿ ಅಡ್ಡವಾಗಿ ಇಳಿಯಿರಿ, ಕೋಲಿದ್ದರೆ ಅದನ್ನು ಕಾಲಿಗಿಂತ ಮೊದಲು ಊರಿ. ಠಾಣೆಯನ್ನು ಮೂರೂವರೆಯೊಳಗೆ ದಾಟಿದರೆ, ಬೆಳಿಗ್ಗೆ ಬಿಟ್ಟುಹೋದ ಅರಮನೆಯ ಅಂಗಳದಲ್ಲಿ ಬೂಟು ಬಿಚ್ಚಿ ಕೂರಲು ಹೊತ್ತು ಉಳಿಯುತ್ತದೆ.