ಏಳು ದಿನದ ಎನ್ನೆಸ್ಸೆಸ್ ಶಿಬಿರ: ಒಂದೇ ಕೆಲಸ ಹಿಡಿದು ಮುಗಿಸುವುದು ಹೇಗೆ?

ಎಷ್ಟೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಎನ್ನೆಸ್ಸೆಸ್‌ನ (ರಾಷ್ಟ್ರೀಯ ಸೇವಾ ಯೋಜನೆ) ವಾರ್ಷಿಕ ವಿಶೇಷ ಶಿಬಿರವೆಂದರೆ ಉದ್ಘಾಟನೆ, ಗುಡಿಯ ಅಂಗಳ ಗುಡಿಸುವುದು, ಸಂಜೆ ಉಪನ್ಯಾಸ, ಕೊನೆಗೆ ಸಮಾರೋಪ ಎಂದಾಗಿಬಿಟ್ಟಿದೆ. ಊರಿಗೆ ಏನು ಬೇಕೆಂದು ಮೊದಲೇ ಕೇಳದಿದ್ದರೆ ಹೀಗೇ ಆಗುವುದು. ನೂರು ಸ್ವಯಂಸೇವಕರ ಘಟಕದಿಂದ ಶಿಬಿರಕ್ಕೆ ಬರುವವರು ಸಾಮಾನ್ಯವಾಗಿ 50 ಮಂದಿ. ಅಷ್ಟು ಜನ ಸೇರಿ ಮನೆಗೊಂದು ಇಂಗುಗುಂಡಿ, ಅಂದರೆ ಬಚ್ಚಲು ನೀರನ್ನು ನೆಲಕ್ಕೆ ಇಂಗಿಸುವ ಗುಂಡಿ, ತೆಗೆದರೆ ಒಂದು ಓಣಿಯ ಬಚ್ಚಲು ನೀರು ರಸ್ತೆಗೆ ಹರಿಯುವುದನ್ನು ಪೂರ್ತಿ ನಿಲ್ಲಿಸಬಹುದು.

ಶಿಬಿರಕ್ಕೆ 40 ದಿನ ಮೊದಲು ಕಾರ್ಯಕ್ರಮಾಧಿಕಾರಿ (ಘಟಕದ ಹೊಣೆ ಹೊತ್ತ ಅಧ್ಯಾಪಕರು) ಊರಿಗೆ ಹೋಗಲಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಂಚಾಯಿತಿ ಸದಸ್ಯರ ಜೊತೆ ಮಾತಾಡಿದ ಮೇಲೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನೂ ಕೇಳಬೇಕು. ಬಚ್ಚಲು ನೀರು ಎಲ್ಲಿ ನಿಲ್ಲುತ್ತದೆಂದು ಸರಿಯಾಗಿ ಹೇಳುವವರು ಅವರೇ. ವಾಸ್ತವ್ಯ ಶಾಲೆಯಲ್ಲಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಲಿಖಿತವಾಗಿಯೇ ಇರಲಿ. ಶೌಚಾಲಯದ ಬಾಗಿಲಿನ ಚಿಲಕ, ನೀರು, ರಾತ್ರಿ ದೀಪ ಇವನ್ನು ಖುದ್ದಾಗಿ ನೋಡಿ. ವಿದ್ಯಾರ್ಥಿನಿಯರಿದ್ದರೆ ಅಧ್ಯಾಪಕಿಯೊಬ್ಬರು ರಾತ್ರಿಯೂ ಅಲ್ಲೇ ಉಳಿಯಬೇಕು, ಇದರಲ್ಲಿ ರಾಜಿ ಬೇಡ. ಪೋಷಕರ ಒಪ್ಪಿಗೆ ಪತ್ರ ಕಡತದಲ್ಲಿರಲಿ. ಪೊಲೀಸ್ ಠಾಣೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪತ್ರ ಮುಟ್ಟಿರಲಿ.

ಇಂಗುಗುಂಡಿ ತೆಗೆಯುವ ಮನೆಗಳನ್ನು ಮೊದಲೇ ಗುರುತಿಸಿಕೊಳ್ಳಿ. ಒಂದಡಿ ಆಳದ ಕುಳಿ ತೋಡಿ ನೀರು ತುಂಬಿ. ಎರಡು ಮೂರು ತಾಸಾದರೂ ನೀರು ಹಾಗೇ ನಿಂತಿದ್ದರೆ ಅಲ್ಲಿ ಗುಂಡಿ ಬೇಡ. ಎರೆಮಣ್ಣಿನಲ್ಲಿ ಆಗುವುದು ಇದೇ. ಅಂಥ ಕಡೆ ಬಚ್ಚಲು ನೀರನ್ನು ಬಾಳೆ, ಕೆಸುವಿನ ಪಾತಿಗೆ ಹರಿಸುವುದು ಲೇಸು. ಗುಂಡಿಯು ಬಾವಿ, ಕೊಳವೆಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಶೌಚದ ನೀರನ್ನು ಇದಕ್ಕೆ ಯಾವ ಕಾರಣಕ್ಕೂ ಬಿಡಬಾರದು.

ಗುಂಡಿಯ ಅಳತೆ ಉದ್ದ, ಅಗಲ, ಆಳ ಎಲ್ಲವೂ 1 ಮೀಟರ್. ತಳಕ್ಕೆ ಐದಾರು ಇಂಚಿನ ಕಲ್ಲು, ನಡುವೆ ನಾಲ್ಕು ಇಂಚಿನದು, ಮೇಲೆ ಎರಡು ಮೂರು ಇಂಚಿನ ಜಲ್ಲಿ. ಮೇಲಿನ ಪದರದ ನಡುವೆ, ತಳಕ್ಕೆ ತೂತು ಕೊರೆದ ಮಡಕೆಯಿಟ್ಟು ತೆಂಗಿನ ನಾರು ತುಂಬಿ, ಬಚ್ಚಲಿನ ಪೈಪನ್ನು ಅದರ ಬಾಯಿಗೆ ಕೊಡಿ. ಆಮೇಲೆ ಗೋಣಿಚೀಲ ಹಾಸಿ ಮಣ್ಣು ಮುಚ್ಚಿ, ಮಡಕೆಯ ಬಾಯಿಗೆ ಮಾತ್ರ ತೆಗೆದಿಡುವಂಥ ಚಪ್ಪಡಿಯಿರಲಿ. ಸೋಪಿನ ಜಿಡ್ಡು, ಕೂದಲು, ಅನ್ನದ ಅಗುಳು ನಾರಿನಲ್ಲೇ ನಿಲ್ಲುತ್ತವೆ. ತಿಂಗಳಿಗೊಮ್ಮೆ ನಾರು ಬದಲಿಸದಿದ್ದರೆ ಜಿಡ್ಡು ಕಲ್ಲಿನ ಸಂದಿಗೆ ಇಳಿದು ಇಡೀ ಗುಂಡಿ ಕಟ್ಟಿಕೊಳ್ಳುತ್ತದೆ. ಚಪ್ಪಡಿ ಎತ್ತಿ ನಾರು ತೆಗೆಯುವುದನ್ನು ಮನೆಯೊಡತಿಯ ಕೈಯಲ್ಲೇ ಒಮ್ಮೆ ಮಾಡಿಸಿ. ಬಾಯಲ್ಲಿ ಹೇಳಿ ಬಂದರೆ ಸಾಲದು.

ಎಂಟೆಂಟು ಮಂದಿಯ ಆರು ತಂಡ ಮಾಡಿ, ಇಬ್ಬರನ್ನು ಅಡುಗೆಯ ಕಡೆ ಬಿಡಿ. ತಂಡಕ್ಕೆ ಒಂದು ಗುಂಡಿ ಅಗೆದು ಮುಚ್ಚಲು ಎರಡು ದಿನ ಹಿಡಿಯುತ್ತದೆ. ಉದ್ಘಾಟನೆ, ಸಮಾರೋಪದ ದಿನ ಬಿಟ್ಟರೆ ಕೆಲಸಕ್ಕೆ ಸಿಗುವುದು ಐದೇ ದಿನ. ಹಾಗಾಗಿ ತಂಡಕ್ಕೆ ಎರಡರಂತೆ ಹನ್ನೆರಡು ಗುಂಡಿಗಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಕಲ್ಲು ಮೊದಲ ದಿನಕ್ಕೇ ಬಂದು ಬಿದ್ದಿರಬೇಕು, ಟ್ರ್ಯಾಕ್ಟರ್ ಲೋಡಿಗೆ ಸುಮಾರು ಎರಡೂವರೆ ಗುಂಡಿ ಲೆಕ್ಕ ಹಿಡಿಯಿರಿ. ಕಲ್ಲು ತಡವಾದರೆ ತೆರೆದ ಗುಂಡಿಗೆ ರಾತ್ರಿ ಕರುವೋ ಮಗುವೋ ಬೀಳಬಹುದು; ಅಗೆದದ್ದಕ್ಕೆ ಹಲಗೆ ಮುಚ್ಚದೆ ಯಾರೂ ಊಟಕ್ಕೆ ಏಳಬಾರದು.

ಅಗೆದು ಬಂದವರಿಗೆ ಹಸಿವು ಜೋರು. ಹೊತ್ತಿಗೆ ತಲಾ 150 ಗ್ರಾಂ ಅಕ್ಕಿಯಂತೆ ಸಿಬ್ಬಂದಿಯೂ ಸೇರಿ 8 ಕಿಲೋ ಬೇಕು; ಮುದ್ದೆಯೋ ರೊಟ್ಟಿಯೋ ಇದ್ದರೆ ಅಷ್ಟು ಕಡಿಮೆ. ಶಾಲೆಯ ಬಿಸಿಯೂಟದ ದಿನಸಿ, ಗ್ಯಾಸ್ ಮುಟ್ಟುವಂತಿಲ್ಲ.

ಲೆಕ್ಕವನ್ನು ಅಂದಂದೇ ಬರೆಯಿರಿ. ಬಿಲ್ಲು ಕೊಡದ ಊರಿನ ಅಂಗಡಿಯಿಂದ ಸಹಿ ಮಾಡಿಸಿದ ಓಚರು ತೆಗೆದುಕೊಳ್ಳಿ. ವಾರ ಕಳೆದು ಹೋದರೆ ತರಕಾರಿ ಮಾರಿದವರು ಸಿಗುವುದಿಲ್ಲ, ಅನುದಾನ ಖರ್ಚಾದದ್ದಕ್ಕೆ ಕೊಡಬೇಕಾದ ಬಳಕೆ ಪ್ರಮಾಣಪತ್ರ ಅಲ್ಲೇ ನಿಲ್ಲುತ್ತದೆ. ಹಾಜರಿ ದಿನಕ್ಕೆರಡು ಸಲ ಆಗಲಿ. ಎರಡು ವರ್ಷದಲ್ಲಿ 240 ಗಂಟೆಯ ಸೇವೆ ಮತ್ತು ಒಂದು ವಿಶೇಷ ಶಿಬಿರ ಪೂರೈಸಿದವರಿಗೇ ಪ್ರಮಾಣಪತ್ರ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ವಿಸ್ತರಣಾ ಚಟುವಟಿಕೆಯಡಿ ತೋರಿಸಲು ಪ್ರತಿ ಗುಂಡಿಯ ಮೊದಲಿನ, ನಂತರದ ಜಿಯೋಟ್ಯಾಗ್ (ತೆಗೆದ ಜಾಗ ದಾಖಲಾಗುವ) ಫೋಟೋ ಇರಲಿ, ಸಾಲಾಗಿ ನಿಂತು ತೆಗೆಸಿಕೊಂಡದ್ದಲ್ಲ.

ಮನೆ ಪಟ್ಟಿಯ ಒಂದು ಪ್ರತಿ ಪಿಡಿಒಗೆ, ಇನ್ನೊಂದು ಕಾಲೇಜಿಗೆ. ಮೊದಲ ಮಳೆಯಾದ ಮೇಲೆ ಅದೇ ಪಟ್ಟಿ ಹಿಡಿದು ಹನ್ನೆರಡೂ ಮನೆಗೆ ಹೋಗಿ ನಾರು ತೆಗೆದು ನೋಡಿ, ಕಟ್ಟಿಕೊಂಡದ್ದನ್ನು ಆ ದಿನವೇ ಸರಿಪಡಿಸಿ ಬನ್ನಿ.