ಬೇಣದ ಇರುವೆ, ತೋಟದ ಇರುವೆ

ನಮ್ಮ ಮನೆ ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ. ಕೆಳಗೆ ಅಡಿಕೆ ತೋಟ, ಅದರ ತಲೆಮೇಲೆ ಸೊಪ್ಪಿನ ಬೆಟ್ಟ, ಬೆಟ್ಟ ಹತ್ತಿದರೆ ಚಿರೆಕಲ್ಲಿನ ಬೋಳು ಬೇಣ, ಅಂದರೆ ಹುಲ್ಲುಗಾವಲು. ಮೂರನ್ನೂ ಸುತ್ತಿ ಬರಲು ಹೆಚ್ಚು ಹೊತ್ತು ಬೇಡ. ಇಷ್ಟು ಹತ್ತಿರವಿದ್ದೂ ಮೂರು ಕಡೆಯ ಇರುವೆಗಳು ಬೇರೆ ಬೇರೆ. ಪೇಪರಿನಲ್ಲಿ ಬರುವ ಶಿರಸಿಯ ಗಾಳಿಯ ಉಷ್ಣಾಂಶದಿಂದ ಇದು ಅರ್ಥವಾಗುವುದಿಲ್ಲ, ಇರುವೆ ನೆಲಕ್ಕಂಟಿ ಬದುಕುವ ಜೀವ. ಹಾಗಾಗಿ ನೆಲದ ಬಿಸಿಯನ್ನೇ ಅಳೆಯಲು ಶುರುಮಾಡಿದೆ.

ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ, ಅದು ಜ್ವರದ ಆಸುಪಾಸಿನ ಅಂಕಿಗಷ್ಟೇ. ಎಸಿ ರಿಪೇರಿಯವರು ಇಟ್ಟುಕೊಳ್ಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ದೂರದಿಂದ ಹಿಡಿದರೆ ಕಲ್ಲು, ಹುಲ್ಲು, ನೆರಳು ಎಲ್ಲ ಸೇರಿದ ಸರಾಸರಿ ಬರುತ್ತದೆ. ಗೇಣು ದೂರದಲ್ಲಿ, ನಮ್ಮ ನೆರಳು ಬೀಳದಂತೆ ಹಿಡಿಯಬೇಕು. ಆಮಿಷಕ್ಕೆ ಬೆಲ್ಲದ ಚೂರು ಮತ್ತು ಕಾಯಿತುರಿ, ಕಾಗದದ ತುಂಡುಗಳ ಮೇಲೆ. ಗಂಟೆಗೊಮ್ಮೆ ಹೋಗಿ ನೆಲ ಎಷ್ಟು ಕಾದಿದೆ, ಯಾವ ಇರುವೆ ಬಂದಿದೆ ಎಂದು ಬರೆದುಕೊಳ್ಳುವುದು. ಆಯಿಗೆ ಮಾತ್ರ ಇದು ಸರಿಬರಲಿಲ್ಲ. ‘ಆನು ಡಬ್ಬಿಗೆ ಇರುವೆ ಬತ್ತು ಹೇಳಿ ಒದ್ದಾಡ್ತಿ, ನೀನು ಬೆಲ್ಲ ಹಾಕಿ ಕರೀತೆ’ ಎಂದಳು.

ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲಿ 34 ಡಿಗ್ರಿ ಇರುವಾಗ ಬೇಣದ ಚಿರೆಕಲ್ಲಿನ ಮೈ 55 ದಾಟಿರುತ್ತದೆ. ಅದೇ ಹೊತ್ತಿಗೆ ತೋಟದ ದರಕು, ಅಂದರೆ ಒಣ ಎಲೆ, ಸರಿಸಿ ಹಿಡಿದರೆ 28ರ ಆಚೀಚೆ. ಬೇಣದಲ್ಲಿ ಕಲ್ಲು 40 ದಾಟುತ್ತಿದ್ದಂತೆ ಸಣ್ಣ ಕೆಂಪಿರುವೆಗಳ ಸಾಲು ತೆಳುವಾಗುತ್ತ ಹೋಗಿ, ಬೆಲ್ಲವನ್ನು ಅರ್ಧಕ್ಕೇ ಬಿಟ್ಟು ಬಿಲ ಸೇರುತ್ತವೆ. ಆಮೇಲೂ ಓಡಾಡುವುದು ಹೊಟ್ಟೆಯ ಮೇಲೆ ಹೊಂಬಣ್ಣದ ರೋಮವಿರುವ ಒಂದು ಜಾತಿಯ ಗೊದ್ದ. ಅದರ ಬೆನ್ನುಹತ್ತಿ ಕೂತು ನೋಡಬೇಕು. ಕಲ್ಲಿನ ಮೇಲೆ ಎರಡು ಗೇಣು ಒಂದೇ ಉಸಿರಿಗೆ ಓಡುತ್ತದೆ, ಕರಡ ಹುಲ್ಲಿನ ಕಡ್ಡಿ ಸಿಕ್ಕರೆ ಸರಕ್ಕನೆ ಏರಿ ನಾಲ್ಕು ಬೆರಳಿನೆತ್ತರದಲ್ಲಿ ನಿಲ್ಲುತ್ತದೆ, ಮೀಸೆ ನೀವಿಕೊಳ್ಳುತ್ತದೆ, ಇಳಿದು ಮುಂದಿನ ಕಡ್ಡಿಗೆ ಓಡುತ್ತದೆ. ಕಾದ ಕಲ್ಲಿನಿಂದ ಅಷ್ಟು ಮೇಲಕ್ಕೇ ಗಾಳಿ ಎಷ್ಟೋ ತಂಪು. ಮೈ ಪುಟ್ಟದಾದ್ದರಿಂದ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಸಹಾರಾ ಮರುಭೂಮಿಯ ಬೆಳ್ಳಿ ಇರುವೆಗಳದೂ ಇದೇ ಉಪಾಯ. ಅವು ಮೈ 53 ಡಿಗ್ರಿಯ ಹತ್ತಿರ ಬರುವವರೆಗೂ ತಾಳುತ್ತವೆ, ಮೈಮೇಲಿನ ಮುಮ್ಮೂಲೆ ರೋಮಗಳು ಬಿಸಿಲನ್ನು ವಾಪಸ್ ಎಸೆಯುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ನಮ್ಮ ಗೊದ್ದದ ಹೊಂಬಣ್ಣಕ್ಕೂ ಅಂಥ ಕೆಲಸವಿರಬಹುದೇ ಎಂಬುದು ನನ್ನ ತಲೆಯಲ್ಲಿರುವ ಹುಳ.

ಚಳಿಗಾಲದಲ್ಲಿ ಆಟ ತಿರುಗಾಮುರುಗಾ. ಜನವರಿಯ ಬೆಳಿಗ್ಗೆ ಹಾಸುಗಲ್ಲು ಎತ್ತಿದರೆ ಅಡಿಯಲ್ಲಿ ಏನೂ ಇರುವುದಿಲ್ಲ. ಬಿಸಿಲು ಏರಿ ಕಲ್ಲು ಹದವಾಗಿ ಕಾದ ಮೇಲೆ ಎತ್ತಿದರೆ ಅಡಿ ತುಂಬ ಬಿಳಿ ಕಾಳು. ನಾವು ಮೊಟ್ಟೆ ಎನ್ನುವ ಇವುಗಳಲ್ಲಿ ಹೆಚ್ಚಿನವು ಮರಿಹುಳು ಮತ್ತು ಕೋಶ. ಬೆಚ್ಚಗಿದ್ದರೆ ಬೇಗ ಬೆಳೆಯುತ್ತವೆ, ಅದಕ್ಕೇ ಕೆಲಸಗಾರ ಇರುವೆಗಳು ಹೊತ್ತು ಮೇಲಕ್ಕೆ ತರುತ್ತವೆ, ಕಲ್ಲು ಹೆಚ್ಚು ಕಾದರೆ ಮತ್ತೆ ಕೆಳಗಿಳಿಸುತ್ತವೆ. ಅಂಕೋಲೆಯಲ್ಲಿರುವ ಭಾವನ ಗೇರುಹಕ್ಕಲಿನಲ್ಲಿ ಈ ಏರಿಳಿತ ಅಷ್ಟಾಗಿ ಕಾಣಲಿಲ್ಲ. ಕರಾವಳಿಯಲ್ಲಿ ಬೆಳಗಿನ ಚಳಿಯೇ ಕಡಿಮೆ. ಅಲ್ಲಿ ಮರದ ಎಲೆ ಹೆಣೆದು ಕೊಟ್ಟೆಯಂಥ ಗೂಡು ಕಟ್ಟುವ ಚಗಳಿ ಇರುವೆಯದೇ ದರ್ಬಾರು. ಗೇರಿನ ಚಿಗುರು ಹೀರುವ ‘ಟೀ ಸೊಳ್ಳೆ’ ಎಂಬ ತಿಗಣೆಯನ್ನು ಹಿಡಿಯುತ್ತದೆಂದು ಭಾವ ಅದರ ಕೊಟ್ಟೆ ಮುಟ್ಟುವುದಿಲ್ಲ, ಗೇರುಬೀಜ ಹೆಕ್ಕಲು ಬಂದು ಕಚ್ಚಿಸಿಕೊಳ್ಳುವವರಿಂದ ಬೈಸಿಕೊಳ್ಳುತ್ತಾನೆ.

ಮಳೆಗಾಲದ್ದು ಬೇರೆಯೇ ಕತೆ. ನಮ್ಮ ಬೆಟ್ಟದಲ್ಲಿ ಇಕ್ಕಳದಂಥ ಉದ್ದ ದವಡೆಯ, ದೊಡ್ಡ ಕಣ್ಣಿನ, ಜಿಗಿದು ಬೇಟೆ ಹಿಡಿಯುವ ಇರುವೆಯಿದೆ. ಇದರ ಗೂಡನ್ನು ಜೋಗದ ಹತ್ತಿರ ಅಗೆದು ನೋಡಿ, ನಮ್ಮ ರಾಜ್ಯದ ಇರುವೆ ತಜ್ಞ ಮುಸ್ತಾಕ್ ಅಲಿ ಮತ್ತು ವಿದೇಶಿ ವಿಜ್ಞಾನಿಗಳು 1994ರಲ್ಲಿ ಬರೆದಿದ್ದಾರೆ. ಮೇಲಿನ ಕೋಣೆಗೆ ದಪ್ಪ ಕಮಾನಿನ ಮಾಡು. ಆ ಮಾಡಿಗೂ ಹೊರಗಿನ ಮಣ್ಣಿಗೂ ನಡುವೆ ಖಾಲಿ ಜಾಗ. ಇಂಗಿದ ನೀರು ಕೋಣೆಗೆ ನುಗ್ಗದೆ ಸುತ್ತಲಿಂದ ಇಳಿದುಹೋಗುತ್ತದೆ. ಒಳಗೋಡೆಗೆ ಹಳೆಯ ಕೋಶಗಳ ಚೂರು ಅಂಟಿಸಿರುತ್ತವೆ. ಆಷಾಢದ ಜಡಿಮಳೆ ನಿಂತ ಮಧ್ಯಾಹ್ನ ಈ ಇರುವೆ ಒಣಮೈಯಲ್ಲಿ ಹೊರಬಂದು ಬೇಟೆಗೆ ಹೊರಡುವುದನ್ನು ನೋಡಿದ ಮೇಲೆ ನಾನು ಗೂಡು ಅಗೆಯುವ ಆಸೆ ಬಿಟ್ಟೆ. ಬರೆದವರು ಬರೆದಿದ್ದಾರಲ್ಲ, ಸಾಕು.

ಇಷ್ಟೆಲ್ಲ ಬರೆದುಕೊಂಡದ್ದು ಉಪಯೋಗಕ್ಕೆ ಬಂದದ್ದು ಬೇಣದ ಒಂದು ತುಂಡು ತೋಟವಾದಾಗ. ಮಣ್ಣು ಹಾಕಿಸಿ, ಬಾಳೆ ನೆಟ್ಟು, ಅಡಿಕೆ ಸಸಿಯಿಟ್ಟು, ಡ್ರಿಪ್ ಎಳೆದು, ದರಕು ಹಾಸಿದ್ದಾಯಿತು. ನೆಲದ ಮಧ್ಯಾಹ್ನದ ಅಂಕಿ 50ರ ಮೇಲಿನಿಂದ 30ಕ್ಕೆ ಬಂತು. ಇರುವೆಗಳಿಗೆ ಇದರಿಂದ ಸುಖವೇ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಹೊಂಬಣ್ಣದ ಗೊದ್ದ ಅಲ್ಲಿಂದ ಕಾಣೆಯಾಯಿತು. ಉಳಿದವು ಬಿಲ ಸೇರಿದ ಮೇಲೆ ಖಾಲಿ ನೆಲದಲ್ಲಿ ಮೇಯುವುದು ಅದರ ಬದುಕು. ದಿನವಿಡೀ ಎಲ್ಲರೂ ಓಡಾಡಬಲ್ಲ ತಂಪು ನೆಲದಲ್ಲಿ ಅದಕ್ಕೆ ಪಾಲಿಲ್ಲ. ಬದಲಿಗೆ ಬಂದದ್ದು ಉದ್ದ ಕಾಲಿನ ಹಳದಿ ಇರುವೆ. ಅದಕ್ಕೆ ನೆರಳು, ತೇವ, ದರಕು ಎಲ್ಲ ಬೇಕು. ಬಾಳೆಯ ಸುಳಿಯಲ್ಲಿ ಗಿಡದ ರಸ ಹೀರುವ ಹಿಟ್ಟು ತಿಗಣೆಗೆ ಕಾವಲು ನಿಂತು ಅದರ ಸಿಹಿ ದ್ರವ ಹೀರುತ್ತದೆ. ತಾಪಮಾನ ಏರಿದರೆ ಜೀವಿಗಳಿಗೆ ಕಷ್ಟ ಎಂಬ ಮಾತು ಸುಳ್ಳಲ್ಲ, ಆದರೆ ನಮ್ಮ ಸೀಮೆಯಲ್ಲಿ ಬೇಣದ ಜೀವಿಗಳನ್ನು ಮೊದಲು ಓಡಿಸುತ್ತಿರುವುದು ನಾವು ನೆಟ್ಟ ನೆರಳು. ಅಕೇಶಿಯಾ ನೆಟ್ಟ ಬೇಣಗಳಲ್ಲಿ ನಡೆದಾಡಿದಾಗಲೂ ನನಗೆ ಹೀಗೇ ಅನ್ನಿಸಿದೆ.

ಈಗ ಹೊಸ ತೋಟದ ಮೇಲ್ತುದಿಯಲ್ಲಿ ಒಂದು ಪಟ್ಟಿಯನ್ನು ಸಸಿ ನೆಡದೆ, ದರಕು ಹಾಸದೆ, ಕಲ್ಲು ಕೀಳದೆ ಬಿಟ್ಟಿದ್ದೇನೆ. ಗೊದ್ದ ಅಲ್ಲಿದೆ. ಅಪ್ಪಯ್ಯನ ಲೆಕ್ಕದಲ್ಲಿ ಅದು ಇಪ್ಪತ್ತು ಮೂವತ್ತು ಅಡಿಕೆ ಮರದ ನಷ್ಟ, ಮಳೆಗಾಲದ ಮುಂಚೆ ಆ ಮಾತು ಬಂದೇ ಬರುತ್ತದೆ. ಡ್ರಿಪ್ಪಿನ ಪೈಪು ಅಷ್ಟು ದೂರ ಮುಟ್ಟುವುದಿಲ್ಲ ಎಂಬ ನೆವ ಈವರೆಗೆ ನಡೆದಿದೆ.